ಡೆಡ್‌ಲಾಕ್ ಎಂದರೇನು? ಡಿವೈಸ್ ಡ್ರೈವರ್‌ಗಳಲ್ಲಿ ಅದನ್ನು ತಪ್ಪಿಸುವುದು ಹೇಗೆ?

ಎರಡು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಳು, ಒಂದರ ಕೈಯಲ್ಲಿರುವ ವಸ್ತುವಿಗೆ ಇನ್ನೊಂದು ಕಾಯುತ್ತಾ, ಯಾವುದೂ ಮುಂದಕ್ಕೆ ಹೋಗಲಾಗದೆ ನಿಂತುಬಿಡುವ ಸ್ಥಿತಿಗೆ ಡೆಡ್‌ಲಾಕ್ ಎನ್ನುತ್ತಾರೆ. ಮನೆಯಲ್ಲಿ ಇರುವುದು ಒಂದೇ ಒರಳು, ಒಂದೇ ಒನಕೆ ಅಂದುಕೊಳ್ಳಿ. ಅತ್ತಿಗೆ ಒರಳನ್ನು ತನ್ನ ಮುಂದೆ ಇಟ್ಟುಕೊಂಡು ಒನಕೆಗೆ ಕಾಯುತ್ತಾಳೆ. ನಾದಿನಿ ಒನಕೆ ಹಿಡಿದುಕೊಂಡು ಒರಳಿಗೆ ಕಾಯುತ್ತಾಳೆ. ಕೈಯಲ್ಲಿರುವುದನ್ನು ಇಬ್ಬರೂ ಬಿಡುವುದಿಲ್ಲ. ಮನೆಯಲ್ಲಾದರೆ ಯಾರಾದರೂ ಒಬ್ಬರು ಸೋತು ಬಿಟ್ಟುಕೊಡುತ್ತಾರೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಹಾಗೆ ಸೋಲುವವರು ಇಲ್ಲ. ಕಂಪ್ಯೂಟರ್ ಆಫ್ ಮಾಡುವವರೆಗೂ ಕಾಯುತ್ತಲೇ ಇರುತ್ತಾರೆ.

ಮಾಮೂಲಿ ಆ್ಯಪ್‌ನಲ್ಲಿ ಡೆಡ್‌ಲಾಕ್ ಆದರೆ ಅದನ್ನು ಮುಚ್ಚಿ ಮತ್ತೆ ತೆರೆದರಾಯಿತು. ಕ್ಯಾಮೆರಾ, ಡಿಸ್ಕ್‌ನಂಥ ಸಾಧನವನ್ನು ನಡೆಸುವ ಕರ್ನಲ್ ಕೋಡ್ ಆದ ಡ್ರೈವರ್‌ನಲ್ಲಿ ಆದರೆ ಕಥೆ ಬೇರೆ. ಲಿನಕ್ಸ್‌ನಲ್ಲಿ ಸಿಕ್ಕಿಬಿದ್ದ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಎಬ್ಬಿಸಲಾಗದ ನಿದ್ದೆಯಾದ 'ಡಿ' ಸ್ಥಿತಿಗೆ ಹೋಗುತ್ತದೆ. ಬಲವಂತವಾಗಿ ಮುಗಿಸುವ ಕಿಲ್ ಮೈನಸ್ 9 ಆದೇಶ ಕೊಟ್ಟರೂ ಸಾಯುವುದಿಲ್ಲ. ಆ ಸಾಧನವನ್ನು ಮುಟ್ಟಿದ ಪ್ರತಿಯೊಂದು ಪ್ರೋಗ್ರಾಂ ಅದರ ಹಿಂದೆ ಸಾಲುಗಟ್ಟುತ್ತದೆ. ಕೆಲವು ಸಲ ರೀಬೂಟ್ ಕೂಡ ಪೂರ್ತಿಯಾಗುವುದಿಲ್ಲ, ಯಾಕೆಂದರೆ ರೀಬೂಟ್ ಮಾಡುವಾಗ ಎಲ್ಲ ಡ್ರೈವರ್‌ಗಳನ್ನೂ ನಿಲ್ಲಿಸಬೇಕು, ಅದಕ್ಕೂ ಅದೇ ಲಾಕ್ (ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ದಾರಿ ಬಿಡುವ ಬೀಗ) ಬೇಕಾಗಬಹುದು.

ಇದು ಹಳೆಯ ಸಮಸ್ಯೆ. ಎಡ್ವರ್ಡ್ ಕಾಫ್ಮನ್ ಮತ್ತು ಜೊತೆಗಾರರು 1971ರಲ್ಲೇ ಡೆಡ್‌ಲಾಕ್‌ಗೆ ಬೇಕಾದ ನಾಲ್ಕು ಷರತ್ತುಗಳನ್ನು ಬರೆದಿಟ್ಟರು. ವಸ್ತುವನ್ನು ಒಂದು ಸಲಕ್ಕೆ ಒಬ್ಬರು ಮಾತ್ರ ಬಳಸಬಲ್ಲರು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುತ್ತಾರೆ. ಹಿಡಿದವರಿಂದ ಕಿತ್ತುಕೊಳ್ಳಲು ಆಗುವುದಿಲ್ಲ. ಕಾಯುವವರ ಸಾಲು ಸುತ್ತಿ ಬಂದು ಮೊದಲಿನವರನ್ನೇ ಸೇರುತ್ತದೆ. ನಾಲ್ಕೂ ಕೂಡಿದರೆ ಮಾತ್ರ ಡೆಡ್‌ಲಾಕ್, ಒಂದನ್ನು ಮುರಿದರೂ ಸಾಕು. ಡ್ರೈವರ್‌ನಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಮುರಿಯುವುದು ಕಷ್ಟ. ಹಾರ್ಡ್‌ವೇರ್ ರಿಜಿಸ್ಟರ್‌ಗೆ ಇಬ್ಬರು ಒಟ್ಟಿಗೆ ಬರೆದರೆ ಸಾಧನದ ಸ್ಥಿತಿಯೇ ಕೆಡಬಹುದು. ಅರ್ಧ ಕೆಲಸ ಮಾಡಿದವನ ಕೈಯಿಂದ ಲಾಕ್ ಕಿತ್ತುಕೊಂಡರೆ ಒಳಗಿನ ಡೇಟಾ ಅರ್ಧಂಬರ್ಧ ಉಳಿಯುತ್ತದೆ. ಹಾಗಾಗಿ ಗಮನವೆಲ್ಲ ಉಳಿದ ಎರಡರ ಮೇಲೆ: ಹಿಡಿದುಕೊಂಡು ಕಾಯುವುದು, ಮತ್ತು ಕಾಯುವಿಕೆ ಸುತ್ತು ಹಾಕುವುದು.

ಕಾಲೇಜಿನಲ್ಲಿ ಇದನ್ನು ಎರಡು ಲಾಕ್‌ಗಳ ಚಿತ್ರ ಬರೆದು ಕಲಿಸುತ್ತಾರೆ. ಒಬ್ಬ 'ಎ' ಹಿಡಿದು 'ಬಿ' ಕೇಳುತ್ತಾನೆ, ಇನ್ನೊಬ್ಬ 'ಬಿ' ಹಿಡಿದು 'ಎ' ಕೇಳುತ್ತಾನೆ. ಪರಿಹಾರವೂ ಸುಲಭ: ಎಲ್ಲರೂ 'ಎ' ಮೊದಲು, 'ಬಿ' ಆಮೇಲೆ ಹಿಡಿಯಿರಿ. ಇದು ನಿಜ, ಇದು ಬೇಕು. ಲಿನಕ್ಸ್‌ನ ಮೆಮೊರಿ ವಿಭಾಗದ ಕೆಲವು ಫೈಲ್‌ಗಳ ತಲೆಯಲ್ಲೇ ಲಾಕ್‌ಗಳನ್ನು ಯಾವ ಕ್ರಮದಲ್ಲಿ ಹಿಡಿಯಬೇಕು ಅಂತ ಉದ್ದದ ಕಾಮೆಂಟ್ ಇದೆ. ಪ್ರತಿ ಡ್ರೈವರ್‌ನಲ್ಲೂ ಅಂಥದ್ದೊಂದು ಇರಬೇಕು. ಆದರೆ ನನ್ನ ಪ್ರಕಾರ ಡ್ರೈವರ್ ಬರೆಯುವವರನ್ನು ಜಾಸ್ತಿ ಕಾಡುವುದು ಈ ಚಿತ್ರ ಅಲ್ಲ. ಲಾಕ್ ಅಂತ ಹೆಸರೇ ಇಲ್ಲದ ಕಾಯುವಿಕೆಗಳು ಅವರನ್ನು ಕೆಡವುತ್ತವೆ. ಡ್ರೈವರ್ ಕೋಡ್‌ಗೆ ನಾನಾ ಕಡೆಯಿಂದ ಕರೆ ಬರುತ್ತದೆ: ಬಳಕೆದಾರರ ರೀಡ್ ಮತ್ತು ಐಆಕ್ಟಲ್ (ಸಾಧನಕ್ಕೆ ಆದೇಶ ಕೊಡುವ ಕರೆ), ಇಂಟರಪ್ಟ್ (ಸಾಧನ ಸಿಪಿಯುವನ್ನು ತಡೆದು ಕರೆಯುವುದು), ಟೈಮರ್, ವರ್ಕ್‌ಕ್ಯೂ (ಆಮೇಲೆ ಮಾಡಲೆಂದು ಸಾಲಿಗೆ ಹಾಕಿದ ಕೆಲಸಗಳು), ಸಸ್ಪೆಂಡ್, ಕೊನೆಗೆ ಯಾರೋ ಸುಮ್ನೆ ಯುಎಸ್‌ಬಿ ಕಿತ್ತುಬಿಡುವುದು. ಇವು ಒಂದಕ್ಕೊಂದು ಎಲ್ಲಿ ಕಾಯುತ್ತವೆ ಅನ್ನುವುದು ಕೋಡ್ ಓದಿದರೆ ತಟ್ಟನೆ ಕಾಣುವುದಿಲ್ಲ.

ಮೊದಲು ಇಂಟರಪ್ಟ್ ನೋಡೋಣ. ಸ್ಪಿನ್‌ಲಾಕ್ ಎಂದರೆ ಲಾಕ್ ಸಿಗುವವರೆಗೆ ಸಿಪಿಯು ಮಲಗದೆ (ಬೇರೆ ಕೆಲಸಕ್ಕೆ ಜಾಗ ಬಿಡದೆ) ಅಲ್ಲೇ ಸುತ್ತುತ್ತಾ ಕೇಳುವ ಲಾಕ್. ಡ್ರೈವರ್‌ನ ರೈಟ್ ಫಂಕ್ಷನ್ ಒಂದು ಸ್ಪಿನ್‌ಲಾಕ್ ಹಿಡಿದಿದೆ. ಆಗಲೇ ಅದೇ ಸಿಪಿಯು ಮೇಲೆ ಸಾಧನದ ಇಂಟರಪ್ಟ್ ಬಂತು. ಇಂಟರಪ್ಟ್‌ಗೆ ಉತ್ತರಿಸುವ ಕೋಡ್ ಆದ ಹ್ಯಾಂಡ್ಲರ್ ಅದೇ ಲಾಕ್ ಕೇಳುತ್ತದೆ. ಲಾಕ್ ಬಿಡಬೇಕಾದ ಕೋಡ್, ಹ್ಯಾಂಡ್ಲರ್ ಮುಗಿಯದೆ ಮುಂದುವರಿಯುವುದಿಲ್ಲ. ಹ್ಯಾಂಡ್ಲರ್, ಲಾಕ್ ಸಿಗದೆ ಮುಗಿಯುವುದಿಲ್ಲ. ಒಂದೇ ಲಾಕ್, ಒಂದೇ ಸಿಪಿಯು, ಆದರೂ ಡೆಡ್‌ಲಾಕ್! ಇಂಟರಪ್ಟ್ ಬೇರೆ ಸಿಪಿಯು ಮೇಲೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ, ಹ್ಯಾಂಡ್ಲರ್ ಒಂದು ಕ್ಷಣ ಕಾಯುತ್ತಿತ್ತು ಅಷ್ಟೇ. ಅದಕ್ಕೇ ಈ ತಪ್ಪು ಟೆಸ್ಟಿಂಗ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ. ಪರಿಹಾರ ಒಂದೇ ಸಾಲು: ಹ್ಯಾಂಡ್ಲರ್ ಕೂಡ ಬಳಸುವ ಲಾಕ್ ಆಗಿದ್ದರೆ, ಹೊರಗಿನ ಕೋಡ್ ಅದನ್ನು ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಮೂಲಕ ಹಿಡಿಯಬೇಕು. ಅದು ಆ ಸಿಪಿಯು ಮೇಲೆ ಇಂಟರಪ್ಟ್‌ಗಳನ್ನು ತಡೆದು ಆಮೇಲೆ ಲಾಕ್ ಹಿಡಿಯುತ್ತದೆ. ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಒಂದೇ ಸಿಪಿಯುಗೆಂದು, ಪ್ರಿಎಂಪ್ಷನ್ (ಓಡುತ್ತಿರುವ ಕರ್ನಲ್ ಕೋಡ್ ಅನ್ನು ಮಧ್ಯೆ ನಿಲ್ಲಿಸಿ ಬೇರೆ ಕೆಲಸ ಓಡಿಸುವುದು) ಇಲ್ಲದೆ ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಹಿಡಿಯುವ ಕೋಡ್ ಇರುವುದೇ ಇಲ್ಲ. ಹಳೆಯ ಚಿಕ್ಕ ಬೋರ್ಡ್ ಮೇಲೆ ವರ್ಷಗಟ್ಟಲೆ ಓಡಿದ ಡ್ರೈವರ್, ಹಲವು ಕೋರ್‌ಗಳ ಹೊಸ ಚಿಪ್ ಮೇಲೆ ಹಾಕಿದ ದಿನವೇ ನಿಂತುಹೋಗಬಹುದು.

ಸ್ಪಿನ್‌ಲಾಕ್ ಹಿಡಿದಾಗ ಮಲಗುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಯಾವ ಫಂಕ್ಷನ್ ಮಲಗುತ್ತದೆ ಅನ್ನುವುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಮ್ಯೂಟೆಕ್ಸ್ (ಸಿಗದಿದ್ದರೆ ಮಲಗಿ ಕಾಯುವ ಲಾಕ್) ಹಿಡಿಯುವುದು ಮಲಗಬಹುದು, ಜಿಎಫ್‌ಪಿ_ಕರ್ನಲ್ ಎಂದು ಮೆಮೊರಿ ಕೇಳುವುದು ಮಲಗಬಹುದು, ಬಳಕೆದಾರರ ಪ್ರೋಗ್ರಾಂನಿಂದ ಡೇಟಾ ನಕಲು ಮಾಡುವ ಕಾಪಿ_ಫ್ರಮ್_ಯೂಸರ್ ಕೂಡ ಮಲಗಬಹುದು.

ಈ ಕಾಪಿ_ಫ್ರಮ್_ಯೂಸರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಒಳ್ಳೊಳ್ಳೆಯ ಎಂಜಿನಿಯರ್‌ಗಳೂ ಇಲ್ಲಿ ಎಡವುತ್ತಾರೆ. ಒಂದು ಕ್ಯಾಮೆರಾ ಡ್ರೈವರ್ ಇದೆ ಎನ್ನಿ. ಅದಕ್ಕೆ ತನ್ನದೇ ಒಂದು ಮ್ಯೂಟೆಕ್ಸ್. ಐಆಕ್ಟಲ್ ಬಂದಾಗ ಡ್ರೈವರ್ ಆ ಮ್ಯೂಟೆಕ್ಸ್ ಹಿಡಿದು, ಆಮೇಲೆ ಬಳಕೆದಾರರ ಡೇಟಾ ನಕಲು ಮಾಡುತ್ತದೆ. ಆ ಡೇಟಾ ಇರುವ ಪುಟ ಸದ್ಯಕ್ಕೆ ರ್‍ಯಾಮ್‌ನಲ್ಲಿ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗುತ್ತದೆ. ಅದನ್ನು ಸರಿಪಡಿಸಲು ಕರ್ನಲ್‌ಗೆ ಆ ಪ್ರೋಸೆಸ್‌ನ ಮೆಮೊರಿ ನಕ್ಷೆಯನ್ನು ಕಾಯುವ ಎಂಮ್ಯಾಪ್ ಲಾಕ್ ಬೇಕಾಗಬಹುದು. ಅದೇ ಹೊತ್ತಿಗೆ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ ಕ್ಯಾಮೆರಾದ ಬಫರ್ ಪಡೆಯಲು ಎಂಮ್ಯಾಪ್ ಕರೆಯುತ್ತದೆ. ಕರ್ನಲ್ ಎಂಮ್ಯಾಪ್ ಲಾಕ್ ಹಿಡಿದುಕೊಂಡೇ ಡ್ರೈವರ್‌ನ ಎಂಮ್ಯಾಪ್ ಫಂಕ್ಷನ್ನನ್ನು ಕರೆಯುತ್ತದೆ. ಅದು ಡ್ರೈವರ್‌ನ ಮ್ಯೂಟೆಕ್ಸ್ ಕೇಳುತ್ತದೆ. ಸುತ್ತು ಪೂರ್ತಿಯಾಯಿತು. ಡ್ರೈವರ್ ಬರೆದವರು ತಮ್ಮ ಕೋಡ್‌ನಲ್ಲಿ ಹಿಡಿದದ್ದು ಒಂದೇ ಒಂದು ಲಾಕ್. ಎರಡನೆಯದು ಅವರ ಫೈಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ! ಪರಿಹಾರ: ಮೊದಲು ನಕಲು, ಆಮೇಲೆ ಮ್ಯೂಟೆಕ್ಸ್. ಲಿನಕ್ಸ್‌ನ ವಿಡಿಯೊ ಚೌಕಟ್ಟಾದ ವಿ4ಎಲ್2 ಈ ಕೆಲಸವನ್ನು ಡ್ರೈವರ್‌ಗೆ ಬಿಡುವುದೇ ಇಲ್ಲ. ಐಆಕ್ಟಲ್‌ನ ಮಾಹಿತಿಯನ್ನು ತಾನೇ ಮುಂಚೆ ನಕಲು ಮಾಡಿಕೊಂಡು ಆಮೇಲೆ ಡ್ರೈವರ್ ಕರೆಯುತ್ತದೆ. ಇದು ಸರಿಯಾದ ದಾರಿ ಅನಿಸುತ್ತದೆ. ನೂರಾರು ಡ್ರೈವರ್‌ಗಳಲ್ಲಿ ಆಗಬಹುದಾದ ತಪ್ಪನ್ನು ಒಂದೇ ಕಡೆ ತಡೆದ ಹಾಗಾಯಿತಲ್ವಾ?

ಇನ್ನು ಡ್ರೈವರ್ ನಿಲ್ಲಿಸುವ ಹೊತ್ತು. ಡ್ರೈವರ್ ಶುರು ಮಾಡುವ ಕೋಡ್‌ಗೆ ಎಲ್ಲರೂ ಗಮನ ಕೊಡುತ್ತಾರೆ, ನಿಲ್ಲಿಸುವ ಕೋಡ್ ಅನ್ನು ಕೊನೆಗೆ ಗಡಿಬಿಡಿಯಲ್ಲಿ ಬರೆಯುತ್ತಾರೆ. ಸಾಧನ ತೆಗೆಯುವಾಗ ಅದರ ಟೈಮರ್, ಬಾಕಿ ಇರುವ ವರ್ಕ್, ಇಂಟರಪ್ಟ್ ಎಲ್ಲವನ್ನೂ ನಿಲ್ಲಿಸಬೇಕು. ಕ್ಯಾನ್ಸಲ್_ವರ್ಕ್_ಸಿಂಕ್ ಕರೆದರೆ, ಓಡುತ್ತಿರುವ ವರ್ಕ್ ಮುಗಿಯುವವರೆಗೂ ಅದು ಕಾಯುತ್ತದೆ. ಕೊನೆಯಲ್ಲಿರುವ 'ಸಿಂಕ್'ನ ಕೆಲಸವೇ ಅದು. ಈಗ ನೀವು ಮ್ಯೂಟೆಕ್ಸ್ ಹಿಡಿದುಕೊಂಡು ಅದನ್ನು ಕರೆದಿದ್ದೀರಿ, ಆ ವರ್ಕ್‌ಗೂ ಅದೇ ಮ್ಯೂಟೆಕ್ಸ್ ಬೇಕು. ಮುಗಿಯಿತು. ಟೈಮರ್‌ನ ಸಿಂಕ್ ಕರೆಗೂ ಇದೇ ಮಾತು. ಇಂಟರಪ್ಟ್ ಹ್ಯಾಂಡ್ಲರ್ ಒಳಗಿಂದಲೇ ಅದೇ ಇಂಟರಪ್ಟ್‌ಗೆ ಡಿಸೇಬಲ್_ಐಆರ್‌ಕ್ಯೂ ಕರೆದರಂತೂ, ಹ್ಯಾಂಡ್ಲರ್ ತಾನು ಮುಗಿಯುವುದಕ್ಕೆ ತಾನೇ ಕಾಯುತ್ತದೆ. ಅದಕ್ಕೆಂದೇ ಕಾಯದೆ ಬರುವ ನೋಸಿಂಕ್ ರೂಪ ಬೇರೆ ಇದೆ.

ಇಲ್ಲಿ ಮಾಡಬೇಕಾದ್ದು ಹೀಗೆ. ಲಾಕ್ ಹಿಡಿದು 'ಸಾಧನ ಹೋಗುತ್ತಿದೆ' ಎಂದು ಒಂದು ಗುರುತು ಹಾಕಿ. ಲಾಕ್ ಬಿಡಿ. ಆಮೇಲೆ, ಕೈ ಖಾಲಿ ಇರುವಾಗ, ಸಿಂಕ್ ಕರೆಯಿರಿ. ವರ್ಕ್ ಮತ್ತು ಟೈಮರ್ ಆ ಗುರುತು ನೋಡಿ ತಮ್ಮನ್ನು ಮತ್ತೆ ಸಾಲಿಗೆ ಹಾಕಿಕೊಳ್ಳಬಾರದು.

ಲಾಕ್ ಒಂದೂ ಇಲ್ಲದ ಡೆಡ್‌ಲಾಕ್ ಕೂಡ ಇದೆ. ಕರ್ನಲ್ ತನ್ನ ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಒಂದು ಫೈಲ್‌ಗೆ '1' ಬರೆದರೆ ಸಾಧನವನ್ನೇ ತೆಗೆದುಹಾಕುವ ಸೌಲಭ್ಯ ಕೆಲವು ಡ್ರೈವರ್‌ಗಳು ಕೊಡುತ್ತವೆ. ಸಾಧನ ತೆಗೆಯಬೇಕಾದರೆ ಆ ಫೈಲ್ ಅನ್ನೂ ತೆಗೆಯಬೇಕು. ಫೈಲ್ ತೆಗೆಯಬೇಕಾದರೆ ಅದನ್ನು ಬಳಸುತ್ತಿರುವವರೆಲ್ಲ ಹೊರಬರಬೇಕು. ಬಳಸುತ್ತಿರುವವನು ಯಾರು? ತೆಗೆಯಲು ಹೊರಟವನೇ! ಇದಕ್ಕೆ ಕರ್ನಲ್‌ನಲ್ಲಿ ಡಿವೈಸ್_ರಿಮೂವ್_ಫೈಲ್_ಸೆಲ್ಫ್ ಎಂಬ ಪ್ರತ್ಯೇಕ ಫಂಕ್ಷನ್ ಇಡಬೇಕಾಯಿತು.

ಮೆಮೊರಿ ಕೇಳುವುದೂ ಒಂದು ಕಾಯುವಿಕೆ. ಡಿಸ್ಕ್ ಡ್ರೈವರ್ ಒಂದು ಬರವಣಿಗೆಯ ಮಧ್ಯೆ ಜಿಎಫ್‌ಪಿ_ಕರ್ನಲ್ ಎಂದು ಮೆಮೊರಿ ಕೇಳುತ್ತದೆ. ಮೆಮೊರಿ ತುಂಬಿದೆ. ಜಾಗ ಮಾಡಲು ಕರ್ನಲ್ ಹಳೆಯ ಪುಟಗಳನ್ನು ಡಿಸ್ಕ್‌ಗೆ ಬರೆಯಲು ಹೋಗುತ್ತದೆ, ಅದೇ ಡ್ರೈವರ್ ಮೂಲಕ. ಡ್ರೈವರ್ ಮೆಮೊರಿಗೆ ಕಾಯುತ್ತಿದೆ, ಮೆಮೊರಿ ಡ್ರೈವರ್‌ಗೆ ಕಾಯುತ್ತಿದೆ. ಇಂಥ ಕಡೆ ಜಿಎಫ್‌ಪಿ_ನೋಐಒ ಬಳಸಬೇಕು. 'ಮೆಮೊರಿ ಹುಡುಕು, ಆದರೆ ಅದಕ್ಕಾಗಿ ಐಒ ಶುರು ಮಾಡಬೇಡ' ಎಂದು ಅದರ ಅರ್ಥ. ಯುಎಸ್‌ಬಿ ಸಾಧನವನ್ನು ರೀಸೆಟ್ ಮಾಡುವ ಕೋಡ್ ಕೂಡ ಈ ಎಚ್ಚರಿಕೆ ವಹಿಸುತ್ತದೆ, ಯಾಕೆಂದರೆ ರೀಸೆಟ್ ಆಗುತ್ತಿರುವುದು ಡಿಸ್ಕೇ ಆಗಿರಬಹುದು. ಮೆಮೊರಿ ಸಾಕಷ್ಟಿರುವ ಡೆವಲಪರ್ ಕಂಪ್ಯೂಟರ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಗ್ರಾಹಕರ ಹತ್ತಿರ, ಲೋಡ್ ಜಾಸ್ತಿಯಾದ ರಾತ್ರಿ ಕಾಣುತ್ತದೆ.

ಇತಿಹಾಸದ ಒಂದು ಮಾತು. 1996ರಲ್ಲಿ ಬಂದ ಲಿನಕ್ಸ್ 2.0ರಲ್ಲಿ ಇಡೀ ಕರ್ನಲ್‌ಗೆ ಒಂದು ದೊಡ್ಡ ಲಾಕ್ ಇತ್ತು, ಬಿಗ್ ಕರ್ನಲ್ ಲಾಕ್ ಅಂತ. ಅದನ್ನು ಪೂರ್ತಿ ತೆಗೆದದ್ದು 2011ರಲ್ಲಿ, 2.6.39ರಲ್ಲಿ. ಅದಕ್ಕೆ ಎರಡು ವಿಚಿತ್ರ ಗುಣಗಳಿದ್ದವು. ಹಿಡಿದವನೇ ಮತ್ತೆ ಹಿಡಿಯಬಹುದಿತ್ತು. ಹಿಡಿದವನು ಮಲಗಿದರೆ ಲಾಕ್ ತಾನಾಗಿ ಬಿಟ್ಟುಹೋಗಿ, ಎದ್ದಾಗ ಮತ್ತೆ ಸಿಗುತ್ತಿತ್ತು. ಮ್ಯೂಟೆಕ್ಸ್‌ಗೆ ಇವೆರಡೂ ಇಲ್ಲ. ಹಾಗಾಗಿ ದೊಡ್ಡ ಲಾಕ್ ತೆಗೆದು ಅಲ್ಲಿ ಮ್ಯೂಟೆಕ್ಸ್ ಹಾಕುವುದು ಬರೀ ಹೆಸರು ಬದಲಿಸುವ ಕೆಲಸ ಆಗಿರಲಿಲ್ಲ. ಪ್ರತಿ ಡ್ರೈವರ್‌ನಲ್ಲೂ ಎಲ್ಲಿ ಮಲಗುತ್ತಾರೆ, ಯಾವುದನ್ನು ಹಿಡಿದು ಮಲಗುತ್ತಾರೆ ಎಂದು ಒಬ್ಬರು ಕೂತು ಓದಬೇಕಾಯಿತು. ಅಂಥ ಕೆಲಸ ಮಾಡಿದವರಿಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ.

ಕಣ್ಣಿಂದ ಓದಿ ಇದನ್ನೆಲ್ಲ ಹಿಡಿಯುವುದು ಮನುಷ್ಯರಿಗೆ ಕಷ್ಟ. ಅದಕ್ಕೇ ಲಾಕ್‌ಡೆಪ್ ಇದೆ. ಲಾಕ್ ಹಿಡಿಯುವ ಕ್ರಮವನ್ನು ಪರಿಶೀಲಿಸುವ, ಇಂಗೊ ಮೊಲ್ನಾರ್ ಬರೆದ ಈ ಸಲಕರಣೆ 2006ರಲ್ಲಿ 2.6.18ರ ಜೊತೆ ಲಿನಕ್ಸ್‌ಗೆ ಸೇರಿತು. ಡೆಡ್‌ಲಾಕ್ ಆಗಲಿ ಅಂತ ಅದು ಕಾಯುವುದಿಲ್ಲ. ಬೆಳಿಗ್ಗೆ ಯಾರೋ 'ಎ' ಹಿಡಿದು 'ಬಿ' ಹಿಡಿದರು, ಸಂಜೆ ಇನ್ಯಾರೋ 'ಬಿ' ಹಿಡಿದು 'ಎ' ಹಿಡಿದರು ಅಂದರೆ ಸಾಕು. ಏನೂ ನಿಲ್ಲದಿದ್ದರೂ ವರದಿ ಮಾಡುತ್ತದೆ. ಲಾಕ್‌ಗಳನ್ನು ಬಿಡಿಬಿಡಿಯಾಗಿ ನೋಡದೆ ಜಾತಿವಾರು ನೋಡುತ್ತದೆ, ಹಾಗಾಗಿ ಒಂದು ಸಾಧನದಲ್ಲಿ ಕಲಿತದ್ದು ಅದೇ ಡ್ರೈವರ್‌ನ ಎಲ್ಲ ಸಾಧನಗಳಿಗೂ ಅನ್ವಯಿಸುತ್ತದೆ. ಮೇಲೆ ಹೇಳಿದ ಇಂಟರಪ್ಟ್ ತಪ್ಪು, ಕ್ಯಾಮೆರಾ ತಪ್ಪು, ಕ್ಯಾನ್ಸಲ್_ವರ್ಕ್_ಸಿಂಕ್ ತಪ್ಪು ಮೂರೂ ಅದಕ್ಕೆ ಸಿಗುತ್ತವೆ. ಕಾಪಿ_ಫ್ರಮ್_ಯೂಸರ್ ಕರೆದಾಗ ಪೇಜ್ ಫಾಲ್ಟ್ ಆಗದಿದ್ದರೂ 'ಆಗಬಹುದಿತ್ತು' ಎಂದು ಲೆಕ್ಕ ಹಿಡಿಯುವಷ್ಟು ಅದು ಜಾಣ. ಕಾನ್ಫಿಗ್_ಪ್ರೂವ್_ಲಾಕಿಂಗ್ ಹಾಕಿ ಕರ್ನಲ್ ಬಿಲ್ಡ್ ಮಾಡಬೇಕು. ಕರ್ನಲ್ ನಿಧಾನವಾಗುತ್ತದೆ, ಹಾಗಾಗಿ ಟೆಸ್ಟಿಂಗ್‌ಗೆ ಮಾತ್ರ. ಬೆಂಗಳೂರಿನಲ್ಲಿ ಡ್ರೈವರ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇದೇ: ಮೊದಲ ದಿನದಿಂದಲೇ ಲಾಕ್‌ಡೆಪ್ ಹಾಕಿದ ಕರ್ನಲ್ ಮೇಲೆ ಕೆಲಸ ಮಾಡಿ. ಒಂದು ಎಚ್ಚರ: ಮೊದಲ ವರದಿ ಕೊಟ್ಟ ಮೇಲೆ ಲಾಕ್‌ಡೆಪ್ ತಾನಾಗಿ ನಿಂತುಬಿಡುತ್ತದೆ. ಬೇರೆ ಯಾರದೋ ಡ್ರೈವರ್‌ನ ವರದಿ ಮೊದಲು ಬಂದಿದ್ದರೆ ನಿಮ್ಮ ತಪ್ಪನ್ನು ಅದು ನೋಡಿರುವುದೇ ಇಲ್ಲ. ಕಂಪ್ಲೀಷನ್‌ಗೆ ('ಕೆಲಸ ಮುಗಿಯಿತು' ಎಂಬ ಸೂಚನೆಗೆ) ಕಾಯುವುದನ್ನೂ ಅದು ಲಾಕ್‌ಗಳ ಹಾಗೆ ಹಿಂಬಾಲಿಸುವುದಿಲ್ಲ, ಅಲ್ಲಿ ನಿಮ್ಮ ಕಣ್ಣೇ ಗತಿ.

ವಿಂಡೋಸ್‌ನಲ್ಲಿ ಇಂಥ ಕೆಲಸಕ್ಕೆ ಡ್ರೈವರ್ ವೆರಿಫೈಯರ್ ಇದೆ, ಫ್ರೀಬಿಎಸ್‌ಡಿಯಲ್ಲಿ ವಿಟ್‌ನೆಸ್.

ಕ್ರಮವನ್ನೇ ಮೊದಲೇ ಹೇಳಲಾಗದ ಜಾಗವೂ ಉಂಟು. ಗ್ರಾಫಿಕ್ಸ್ ಕಾರ್ಡ್‌ಗೆ ಒಂದು ಪ್ರೋಗ್ರಾಂ ಹತ್ತಾರು ಬಫರ್‌ಗಳ ಪಟ್ಟಿ ಕೊಡುತ್ತದೆ, ಯಾವ ಕ್ರಮದಲ್ಲಾದರೂ. ಪ್ರತಿ ಬಫರ್‌ಗೂ ಒಂದು ಲಾಕ್. ಇದಕ್ಕೆಂದು 2013ರಲ್ಲಿ ಲಿನಕ್ಸ್ 3.11ಕ್ಕೆ ವೂಂಡ್-ವೇಟ್ ಮ್ಯೂಟೆಕ್ಸ್ ಬಂತು. ಲಾಕ್ ಹಿಡಿಯಲು ಹೊರಟ ಪ್ರತಿಯೊಬ್ಬರಿಗೂ ಒಂದು ಟಿಕೆಟ್ ಸಿಗುತ್ತದೆ. ಇಬ್ಬರು ಎದುರುಬದುರಾದರೆ ಹಳೆಯ ಟಿಕೆಟ್‌ನವರಿಗೆ ದಾರಿ. ಹೊಸಬರು ಹಿಡಿದದ್ದನ್ನೆಲ್ಲ ಬಿಟ್ಟು, ಮೊದಲಿನಿಂದ ಶುರು ಮಾಡಬೇಕು. ಮತ್ತೆ ಶುರು ಮಾಡಿದರೂ ಅವರ ಟಿಕೆಟ್ ಮೊದಲಿನದೇ ಇರುವುದರಿಂದ ಯಾರೂ ಕೊನೆಯಿಲ್ಲದೆ ಸೋಲುತ್ತಾ ಹೋಗುವುದಿಲ್ಲ. ಬರೀ ಟ್ರೈಲಾಕ್ (ಕಾಯದೆ ಲಾಕ್ ಕೇಳಿ ನೋಡುವುದು) ಹಾಕಿ, ಸಿಗದಿದ್ದರೆ ಬಿಟ್ಟು ಮತ್ತೆ ಮತ್ತೆ ಪ್ರಯತ್ನಿಸುವ ಕೋಡ್‌ಗೆ ಈ ಭರವಸೆ ಇಲ್ಲ. ಇಬ್ಬರೂ ಒಟ್ಟಿಗೆ ಹಿಡಿದು, ಒಟ್ಟಿಗೆ ಬಿಟ್ಟು, ಸಿಪಿಯು ಬಿಸಿ ಮಾಡುತ್ತಾ ಕೂರಬಹುದು. ಡ್ರೈವರ್‌ನಲ್ಲಿ ಟ್ರೈಲಾಕ್ ಲೂಪ್ ಕಂಡರೆ ಅಲ್ಲಿ ಯಾರೋ ಡೆಡ್‌ಲಾಕ್‌ನ ಕಾರಣ ಹುಡುಕದೆ ತೇಪೆ ಹಾಕಿದ್ದಾರೆ ಎಂದೇ ನಾನು ಮೊದಲು ಅನುಮಾನಿಸುತ್ತೇನೆ.

ಆಗಲೇ ಸಿಸ್ಟಮ್ ನಿಂತುಹೋಗಿದ್ದರೆ? ಒಂದು ಕೆಲಸ 120 ಸೆಕೆಂಡ್‌ಗಿಂತ ಜಾಸ್ತಿ 'ಡಿ' ಸ್ಥಿತಿಯಲ್ಲಿದ್ದರೆ ಹಂಗ್ ಟಾಸ್ಕ್ ಪತ್ತೆ ಮಾಡುವ ಭಾಗ ಕರ್ನಲ್ ಲಾಗ್‌ನಲ್ಲಿ ಅದರ ಸ್ಟ್ಯಾಕ್ (ಯಾವ ಯಾವ ಫಂಕ್ಷನ್ ದಾಟಿ ಎಲ್ಲಿ ನಿಂತಿದೆ ಎಂಬ ಪಟ್ಟಿ) ಬರೆಯುತ್ತದೆ. ಆ ಆಯ್ಕೆ ಕರ್ನಲ್‌ನಲ್ಲಿ ಇರಬೇಕು, ಹೆಚ್ಚಿನ ಡಿಸ್ಟ್ರೊಗಳಲ್ಲಿ ಇರುತ್ತದೆ. ಕೂಡಲೇ ರೀಬೂಟ್ ಮಾಡಬೇಡಿ. ಕರ್ನಲ್‌ಗೆ ನೇರವಾಗಿ ಆದೇಶ ಕೊಡುವ ಕೀಲಿಗಳಾದ ಮ್ಯಾಜಿಕ್ ಸಿಸ್‌ಆರ್‌ಕ್ಯೂನ 'ಡಬ್ಲ್ಯೂ' ಒತ್ತಿದರೆ ಸಿಕ್ಕಿಬಿದ್ದ ಎಲ್ಲ ಕೆಲಸಗಳ ಸ್ಟ್ಯಾಕ್ ಸಿಗುತ್ತದೆ. ಲಾಕ್‌ಡೆಪ್ ಇರುವ ಕರ್ನಲ್ ಆದರೆ ಅದರದೇ 'ಡಿ' ಕೀಲಿ ಒತ್ತಿ, ಯಾರು ಯಾವ ಲಾಕ್ ಹಿಡಿದಿದ್ದಾರೆ ಅನ್ನುವ ಪಟ್ಟಿಯೇ ಬರುತ್ತದೆ. ಆ ಎರಡನ್ನೂ ಉಳಿಸಿಟ್ಟುಕೊಂಡು ಆಮೇಲೆ ರೀಬೂಟ್ ಮಾಡಿ.