ಅಮ್ಮನ ಜೊತೆ ನಾನೇ ಇರುವಾಗ ದುಭಾಷಿ ಯಾಕೆ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಅಮ್ಮ ಪೇರೆಂಟ್ ವೀಸಾದಲ್ಲಿ ಬಂದು ನಮ್ಮ ಜೊತೆಯೇ ಇದ್ದಾರೆ, ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕಾರ್ಡ್ ಇದೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವರಿಗೊಂದು ಆಪರೇಷನ್ ಆಗಬೇಕಿದೆ. ಸರ್ಕಾರಿ ಆಸ್ಪತ್ರೆಯವರು ಕನ್ನಡ ದುಭಾಷಿಯನ್ನು ಕರೆಸುತ್ತೇವೆ ಎನ್ನುತ್ತಿದ್ದಾರೆ. ನನಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಬೇಡ ಎಂದುಬಿಡಲೇ?

ಉತ್ತರ: ದಯವಿಟ್ಟು ಬೇಡ ಎನ್ನಬೇಡಿ. ನಿಮ್ಮ ಇಂಗ್ಲಿಷ್ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಆ ಕೋಣೆಯಲ್ಲಿ ನೀವು ಮಗ. ಡಾಕ್ಟರ್ ಅಪಾಯಗಳನ್ನು ಒಂದೊಂದಾಗಿ ಹೇಳುತ್ತಾ ಹೋದರೆ ನೀವು ಅಮ್ಮನ ಮುಖ ನೋಡಿ "ಏನೂ ಆಗಲ್ವಂತೆ, ಹೆದರ್ಬೇಡ" ಎಂದು ಮುಗಿಸಿಬಿಡುತ್ತೀರಿ. ಪ್ರೀತಿ ಇರುವವರು ಯಾರೇ ಆದರೂ ಹಾಗೆಯೇ ಮಾಡುತ್ತಾರೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಅಮ್ಮ, ಏನು ಒಪ್ಪಿದೆವೆಂದು ಅವರಿಗೆ ಗೊತ್ತಿರಬೇಕು. ಅಮ್ಮನ ಕಡೆಯಿಂದಲೂ ಅಷ್ಟೇ. ಮೂತ್ರದ ತೊಂದರೆ, ಗರ್ಭಕೋಶದ ತೊಂದರೆ, ಮನೆಯಲ್ಲಿ ನುಂಗಿಕೊಂಡ ನೋವು, ಇವನ್ನೆಲ್ಲ ಮಗನ ಬಾಯಲ್ಲಿ ಹೇಳಿಸಲು ಎಷ್ಟು ತಾಯಂದಿರು ಒಪ್ಪುತ್ತಾರೆ? ಅರಿವಳಿಕೆ ಕೊಡುವ ಡಾಕ್ಟರ್ ಕೊನೆಯದಾಗಿ ಯಾವಾಗ ಊಟ ಮಾಡಿದಿರಿ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿದಾಗ ಅಮ್ಮನನ್ನು ಕೇಳದೆಯೇ ಮಕ್ಕಳು ಉತ್ತರ ಕೊಟ್ಟುಬಿಡುವುದೂ ಉಂಟು. ಅಮ್ಮ ಬೆಳಗ್ಗೆ ಅಡುಗೆಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದದ್ದು ಮಗನಿಗೆ ಹೇಗೆ ತಿಳಿಯಬೇಕು?

ಊರಿನಲ್ಲಿ ಭಾಷೆ ಬಾರದ ರೋಗಿಯ ಮಾತನ್ನು ಪಕ್ಕದ ಹಾಸಿಗೆಯ ಕಡೆಯವರೋ ಆಯಾನೋ ದಾಟಿಸಿಬಿಡುತ್ತಾರೆ. ಅದನ್ನೇ ನೋಡಿ ಬೆಳೆದ ನಮಗೆ ಇದಕ್ಕೂ ಒಂದು ವೃತ್ತಿ ಇದೆ ಎಂದರೆ ವಿಚಿತ್ರವೆನಿಸುವುದು ಸಹಜ. ಆಸ್ಟ್ರೇಲಿಯಾದಲ್ಲಿ ಸರ್ಕಾರದ ಫೋನ್ ದುಭಾಷಿ ಸೇವೆ 1973ರಲ್ಲೇ ಶುರುವಾಯಿತು. ಇಂದಿನ ಟಿಸ್ ನ್ಯಾಷನಲ್ ಅದೇ. 131 450ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ 150ಕ್ಕೂ ಹೆಚ್ಚು ಭಾಷೆಗಳಿಗೆ ಏರ್ಪಾಡಿದೆ. ದುಭಾಷಿಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ನಾಟಿ (NAATI) ಎಂಬ ಸಂಸ್ಥೆ 1977ರದು. ನಮ್ಮ ಹುಡುಗರಿಗೆ ನಾಟಿ ಎಂದರೆ ಪಿಆರ್‌ಗೆ, ಅಂದರೆ ಕಾಯಂ ವಾಸದ ವೀಸಾಕ್ಕೆ, 5 ಅಂಕ ಕೊಡಿಸುವ ಸಿಸಿಎಲ್ ಎಂಬ ಭಾಷಾ ಪರೀಕ್ಷೆ ಎಂದಷ್ಟೇ ಗೊತ್ತು. ಆ ಸಿಸಿಎಲ್ ಪಾಸಾದವರೆಲ್ಲ ದುಭಾಷಿಗಳಲ್ಲ. ಆ ಕೆಲಸದ ಪ್ರಮಾಣಪತ್ರವೇ ಬೇರೆ.

ದುಭಾಷಿ ಬಂದಾಗ ಡಾಕ್ಟರ್ ಅಮ್ಮನನ್ನೇ ನೋಡಿ ಮಾತಾಡುತ್ತಾರೆ. ಅಮ್ಮ "ನನಗೆ ರಾತ್ರಿ ನಿದ್ದೆ ಬರಲ್ಲ" ಎಂದರೆ ದುಭಾಷಿಯೂ ಇಂಗ್ಲಿಷಿನಲ್ಲಿ "ನನಗೆ" ಎಂದೇ ಹೇಳುತ್ತಾರೆ. ಸೇರಿಸುವುದಿಲ್ಲ, ಬಿಡುವುದಿಲ್ಲ, ಸಲಹೆ ಕೊಡುವುದಿಲ್ಲ. "ಇದನ್ನ ಡಾಕ್ಟರಿಗೆ ಹೇಳ್ಬೇಡಪ್ಪ" ಎಂದರೆ ಅದೂ ಡಾಕ್ಟರ ಕಿವಿಗೆ ಬೀಳುತ್ತದೆ! ಅಮ್ಮನಿಗೆ ಇದನ್ನು ಮನೆಯಲ್ಲೇ ತಿಳಿಸಿರಿ.

ಬಂದವರು ಕನ್ನಡ ಸಂಘದಲ್ಲಿ ಕಂಡ ಮುಖವೇ ಆಗಿದ್ದರೆ? ಈ ಅಳುಕನ್ನು ನಾನು ಹಗುರಾಗಿ ಕಾಣುವುದಿಲ್ಲ, ನಮ್ಮವರು ಇಲ್ಲಿ ಕಡಿಮೆ. ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಅವರ ವೃತ್ತಿಯ ಕಟ್ಟಳೆ. ಆದರೂ ಮನಸ್ಸು ಒಪ್ಪದಿದ್ದರೆ ಬೇರೆಯವರನ್ನು ಕೇಳಿ, ಅಥವಾ ಬೇರೆ ಊರಿನಲ್ಲಿರುವವರು ಫೋನಿನಲ್ಲಿ ಸಾಕು ಎನ್ನಿ. ಹೆಂಗಸರೇ ಬೇಕೆಂದೂ ಕೇಳಬಹುದು. ಅಪಾಯಿಂಟ್‌ಮೆಂಟ್ ಮಾಡುವಾಗ ಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಹಿಂದಿಯವರು ಬಂದು ಕೂತಾರು.

ಖರ್ಚು? ಸರ್ಕಾರಿ ಆಸ್ಪತ್ರೆಯಲ್ಲಿ ಅಮ್ಮನಂಥವರು ದುಭಾಷಿಗೆ ದುಡ್ಡು ಕೊಡಬೇಕಿಲ್ಲ. ಜಿಪಿ, ಅಂದರೆ ಮಾಮೂಲಿ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋದಾಗಲೂ ಮೆಡಿಕೇರ್ ಇದ್ದವರಿಗೆ ಡಾಕ್ಟರೇ ಟಿಸ್‌ನಿಂದ ಉಚಿತವಾಗಿ ದುಭಾಷಿಯನ್ನು ಪಡೆಯಬಹುದು. ಪ್ರತಿ ಮಾತನ್ನೂ ಎರಡು ಸಲ ಆಡಬೇಕಾಗುವುದರಿಂದ ಅಲ್ಲಿ ದೀರ್ಘ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಗೆ ಮೆಡಿಕೇರ್ ಇರುವುದಿಲ್ಲ, ಅವರಿಗಾದರೆ ಮೊದಲೇ ವಿಚಾರಿಸಿಕೊಳ್ಳಿ.

ನೀವೂ ಖಂಡಿತ ಜೊತೆಗೆ ಹೋಗಿ. ಮಾತ್ರೆಗಳ ಪಟ್ಟಿ ಹಿಡಿದು ಪಕ್ಕದಲ್ಲಿ ಕೂತಿರಿ, ಅಮ್ಮ ಮಾತಾಡಲಿ.