ಕಪ್ ಗೆಲ್ಲುವ ಹೊತ್ತಿಗೆ ಊರು ಬಿಟ್ಟ ತಂಡ

1995ರಲ್ಲಿ ಕೆನಡಾದ ಕ್ವಿಬೆಕ್ ನಾರ್ಡಿಕ್ಸ್ ಎಂಬ ಐಸ್ ಹಾಕಿ ತಂಡ ಅಮೆರಿಕ, ಕೆನಡಾ ತಂಡಗಳ ಎನ್‌ಎಚ್‌ಎಲ್ ಲೀಗಿನ ಪೂರ್ವ ಕಾನ್ಫರೆನ್ಸಿನಲ್ಲಿ, ಅಂದರೆ ಲೀಗಿನ ಪೂರ್ವದ ಅರ್ಧದಲ್ಲಿ, ಮೊದಲ ಸ್ಥಾನ ಪಡೆಯಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಸೋತಿತು, ನಿಜ. ಆದರೂ ಜೋ ಸ್ಯಾಕಿಕ್, ಪೀಟರ್ ಫೋರ್ಸ್‌ಬರ್ಗ್ ಇದ್ದ ಆ ತಂಡಕ್ಕೆ ಒಳ್ಳೆಯ ಕಾಲ ಈಗಷ್ಟೇ ಶುರುವಾಗಿತ್ತು. ಅದೇ ಮೇ ತಿಂಗಳಲ್ಲಿ ತಂಡ ಮಾರಾಟವಾಯಿತು. ಅಮೆರಿಕದ ಕಾಮ್‌ಸ್ಯಾಟ್ ಕಂಪನಿ 7.5 ಕೋಟಿ ಅಮೆರಿಕನ್ ಡಾಲರ್ ಕೊಟ್ಟು ಡೆನ್ವರ್‌ಗೆ ಕರೆದೊಯ್ದು, ಕೊಲರಾಡೊ ಅವಲಾಂಚ್ ಎಂದು ಹೆಸರಿಟ್ಟಿತು. 1996ರ ಜೂನ್‌ನಲ್ಲಿ ಅದೇ ತಂಡ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿತು.

ಕ್ವಿಬೆಕ್‌ನ ಅಭಿಮಾನಿಗಳು ಇದಕ್ಕಾಗಿ ಎಷ್ಟು ವರ್ಷ ಸೋಲು ನುಂಗಿದ್ದರು! 1989, 90, 91, ಮೂರೂ ವರ್ಷ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ನಾರ್ಡಿಕ್ಸ್‌ನದೇ. ಕೊನೆಯಲ್ಲಿ ಬಿದ್ದಿದ್ದ ತಂಡಕ್ಕೆ ಆಗ ಸಿಗುತ್ತಿದ್ದ ಸವಲತ್ತು ಅದು. 1991ರಲ್ಲಿ ಆರಿಸಿದ ಎರಿಕ್ ಲಿಂಡ್ರೋಸ್ ಈ ತಂಡಕ್ಕೆ ಆಡಲು ಒಪ್ಪಲೇ ಇಲ್ಲ. ಮರುವರ್ಷ ಅವನನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟು, ಬದಲಿಗೆ ಫೋರ್ಸ್‌ಬರ್ಗ್ ಸೇರಿ ಹಲವು ಆಟಗಾರರನ್ನೂ 1.5 ಕೋಟಿ ಡಾಲರನ್ನೂ ಪಡೆದರು. ತಂಡ ಎದ್ದು ನಿಂತಿದ್ದು ಅಲ್ಲಿಂದ. ಹಾಗಾದರೆ ಫಲ ಕೈಗೆ ಬರುವ ಹೊತ್ತಿನಲ್ಲಿ ಮಾರಿದ್ದೇಕೆ?

ಉತ್ತರ ಹಣದ ಲೆಕ್ಕದಲ್ಲಿದೆ. ಕ್ವಿಬೆಕ್‌ನಲ್ಲಿ ಟಿಕೆಟ್ ಮಾರಿದರೆ ಬರುತ್ತಿದ್ದದ್ದು ಕೆನಡಾ ಡಾಲರ್. ಆಟಗಾರರಿಗೆ ಸಂಬಳ ಕೊಡಬೇಕಿದ್ದದ್ದು ಅಮೆರಿಕನ್ ಡಾಲರಿನಲ್ಲಿ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಡಾಲರಿನಲ್ಲಿ ದುಡಿದು ಬಹುಪಾಲು ಸಂಬಳವನ್ನು ರೂಪಾಯಿಯಲ್ಲಿ ಕೊಡುತ್ತವೆ ಅಲ್ವಾ, ಇದು ಅದರ ತಿರುವುಮುರುವು. ಒಂದು ತಂಡದ ಸಂಬಳದ ಮೊತ್ತ 2 ಕೋಟಿ ಅಮೆರಿಕನ್ ಡಾಲರ್ ಅಂದುಕೊಳ್ಳಿ. 1991ರಲ್ಲಿ ಒಂದು ಕೆನಡಾ ಡಾಲರಿಗೆ ಸುಮಾರು 87 ಅಮೆರಿಕನ್ ಸೆಂಟ್ ಸಿಗುತ್ತಿತ್ತು. ಆಗ ಆ ಸಂಬಳಕ್ಕೆ 2.3 ಕೋಟಿ ಕೆನಡಾ ಡಾಲರ್ ಸಾಕು. 1995ರಲ್ಲಿ ಸಿಗುತ್ತಿದ್ದದ್ದು ಸುಮಾರು 73 ಸೆಂಟ್. ಅದೇ ಸಂಬಳಕ್ಕೆ 2.7 ಕೋಟಿಗಿಂತ ಜಾಸ್ತಿ ಬೇಕು. ಒಬ್ಬ ಹೊಸ ಆಟಗಾರನೂ ಬಂದಿಲ್ಲ, ಖರ್ಚು ಮಾತ್ರ 40 ಲಕ್ಷ ಏರಿದೆ. ಇದರ ಜೊತೆಗೆ ಆ ವರ್ಷಗಳಲ್ಲಿ ಲೀಗಿನ ಸರಾಸರಿ ಸಂಬಳವೇ ಎರಡು ಪಟ್ಟಿಗಿಂತ ಹೆಚ್ಚು ಏರಿತ್ತು. ಕ್ವಿಬೆಕ್ ಚಿಕ್ಕ ಊರು. ಟಿಕೆಟ್ ಬೆಲೆ ಎಷ್ಟೂಂತ ಏರಿಸಲಾದೀತು?

ಮಾರಾಟ ಅದೇ ವರ್ಷ ಯಾಕೆ ಆಯಿತು ಅನ್ನುವುದಕ್ಕೂ ಕಾರಣವಿದೆ. ಮಾಲೀಕರು ಮತ್ತು ಆಟಗಾರರ ಜಗಳದಿಂದ ಆ ಸೀಸನ್ 48 ಪಂದ್ಯಗಳಿಗೆ ಇಳಿದಿತ್ತು. 1995ರ ಜನವರಿಯಲ್ಲಿ ರಾಜಿಯಾಯಿತು, ಆದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ ಬರಲಿಲ್ಲ. (ಆ ಮಿತಿ ಬಂದದ್ದು 2005ರಲ್ಲಿ, ಒಂದು ಇಡೀ ಸೀಸನ್ ಬಲಿಯಾದ ಮೇಲೆ.) ಅಂದರೆ ಮುಂದೆಯೂ ಖರ್ಚು ಇಳಿಯುವ ಲಕ್ಷಣವಿರಲಿಲ್ಲ. ಮಾಲೀಕರ ಮುಂದಾಳು ಮಾರ್ಸೆಲ್ ಓಬ್ಯು ಪ್ರಾಂತ್ಯದ ಸರ್ಕಾರದ ನೆರವು ಕೇಳಿದರು, ಕುದುರಲಿಲ್ಲ. ಕೈಯಲ್ಲಿದ್ದ ಒಳ್ಳೆಯ ಆಸ್ತಿ ಅಂದರೆ ಗೆಲ್ಲುವ ತಂಡ. ಅದಕ್ಕೆ ಒಳ್ಳೆಯ ಬೆಲೆ ಸಿಗುವುದೂ ಆಗಲೇ. ಕೊಂಡವರಿಗೂ ಗಳಿಗೆ ಕೂಡಿಬಂದಿತ್ತು. ಡೆನ್ವರ್‌ನ ಬ್ಯಾಸ್ಕೆಟ್‌ಬಾಲ್ ತಂಡ ಆಗಲೇ ಕಾಮ್‌ಸ್ಯಾಟ್ ಕೈಯಲ್ಲಿತ್ತು. ಅದು ಆಡುತ್ತಿದ್ದ ಮೆಕ್‌ನಿಕೋಲ್ಸ್ ಅರೀನಾ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಖಾಲಿ ಇರುವ ರಾತ್ರಿಗಳಿಗೆ ಹಾಕಿ ಸಿಕ್ಕಿತು.

ಮಾಲೀಕರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಇದರಲ್ಲಿ ಅಭಿಮಾನಿಗಳ ತಪ್ಪು ಒಂದಿಷ್ಟೂ ಇರಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಅದಕ್ಕೆ ಕೆನಡಾದ ಇನ್ನೊಂದು ಊರು ವಿನ್ನಿಪೆಗ್ ಸಾಕ್ಷಿ. ಆ ಊರೂ 1996ರಲ್ಲಿ ಇಂಥದೇ ಕಾರಣಕ್ಕೆ ತನ್ನ ಜೆಟ್ಸ್ ತಂಡವನ್ನು ಅಮೆರಿಕದ ಫೀನಿಕ್ಸ್‌ಗೆ ಕಳೆದುಕೊಂಡಿತ್ತು. 2011ರ ಮೇ 31ರಂದು ಅಟ್ಲಾಂಟಾದ ತಂಡ ವಿನ್ನಿಪೆಗ್‌ಗೆ ಬರುವುದು ಪ್ರಕಟವಾಯಿತು. ಊರು ಅದೇ, ಚಳಿ ಅದೇ, ಜನರೂ ಅವರೇ. ಬದಲಾಗಿದ್ದು ಇಷ್ಟು: ಹೊಸ ಅರೀನಾ ಇತ್ತು, ಸಂಬಳಕ್ಕೆ ಮಿತಿ ಇತ್ತು, ಕೆನಡಾ ಡಾಲರ್ ಅಮೆರಿಕನ್ ಡಾಲರಿಗಿಂತ ತುಸು ಮೇಲಿತ್ತು. ಬೆಲೆ 17 ಕೋಟಿ ಡಾಲರ್, ಅದರಲ್ಲಿ 6 ಕೋಟಿ ಲೀಗಿಗೆ ಸ್ಥಳಾಂತರ ಶುಲ್ಕ. 13,000 ಸೀಸನ್ ಟಿಕೆಟ್ ಮಾರುವ ಗುರಿಯಿತ್ತು. ಸಾರ್ವಜನಿಕರಿಗೆ ಮಾರಾಟ ತೆರೆದ ಕೆಲವೇ ನಿಮಿಷಗಳಲ್ಲಿ ಗುರಿ ಮುಟ್ಟಿಯಾಯಿತು.

ಮುಂದಿನ ಸೀಸನ್ನಿನ ತಯಾರಿಗೆ ಮೇ ಕೊನೆ ಅಂದರೆ ತೀರಾ ತಡ. ತಂಡಕ್ಕೆ ಹೆಸರೂ ಇರಲಿಲ್ಲ. ಜೂನ್ 24ರ ಡ್ರಾಫ್ಟ್ ವೇದಿಕೆಯಲ್ಲೇ ಮತ್ತೆ ಜೆಟ್ಸ್ ಎಂದು ಘೋಷಿಸಿದರು. ಲೀಗಿನಲ್ಲಿ ಅಟ್ಲಾಂಟಾ ಇದ್ದ ವಿಭಾಗವನ್ನು ಬದಲಿಸಲೂ ಸಮಯವಿರಲಿಲ್ಲ. ಹಾಗಾಗಿ ಕೆನಡಾದ ನಡುಮಧ್ಯದ ತಂಡ ಎರಡು ಸೀಸನ್ ಫ್ಲೋರಿಡಾದ ತಂಡಗಳ ಜೊತೆ ಆಗ್ನೇಯ ವಿಭಾಗದಲ್ಲಿ ಆಡಿತು, ಅಷ್ಟು ದೂರ ವಿಮಾನದಲ್ಲಿ ಓಡಾಡಿಕೊಂಡು.

ಕ್ವಿಬೆಕ್ ಕೂಡ ಸುಮ್ನೆ ಕೂರಲಿಲ್ಲ. ಸುಮಾರು 37 ಕೋಟಿ ಕೆನಡಾ ಡಾಲರ್ ಸುರಿದು 2015ರಲ್ಲಿ ವಿಡಿಯೋಟ್ರಾನ್ ಸೆಂಟರ್ ತೆರೆಯಿತು. 18,000ಕ್ಕೂ ಹೆಚ್ಚು ಆಸನಗಳು. ಹೊಸ ತಂಡಕ್ಕೆ ಅರ್ಜಿಯನ್ನೂ ಹಾಕಿತು. ಲೀಗಿನ ಪ್ರವೇಶ ಶುಲ್ಕ 50 ಕೋಟಿ ಅಮೆರಿಕನ್ ಡಾಲರ್. ಆದರೆ ಕೆನಡಾ ಡಾಲರ್ ಮತ್ತೆ ಕುಸಿದು, 2016ರ ಜನವರಿಯಲ್ಲಿ 70 ಸೆಂಟಿಗಿಂತ ಕೆಳಗಿಳಿಯಿತು. ಆ ದರದಲ್ಲಿ ಶುಲ್ಕವೇ 70 ಕೋಟಿ ಕೆನಡಾ ಡಾಲರ್ ದಾಟುತ್ತದೆ! ಆ ಜೂನ್‌ನಲ್ಲಿ ತಂಡ ಲಾಸ್ ವೇಗಸ್‌ಗೆ ಸಿಕ್ಕಿತು. ಕ್ವಿಬೆಕ್ ಅರ್ಜಿಯನ್ನು ಮುಂದೂಡಿದರು. ದುರ್ಬಲ ಡಾಲರನ್ನೂ ಒಂದು ಕಾರಣವಾಗಿ ಹೇಳಿದರು. ಆಮೇಲೆ ಸಿಯಾಟಲ್‌ನ ಹೊಸ ತಂಡ ಲೀಗಿಗೆ ಸೇರುವಾಗ ಶುಲ್ಕ 65 ಕೋಟಿಯಾಗಿತ್ತು. 2024ರಲ್ಲಿ ಅರಿಜೋನಾದ ತಂಡ ಯೂಟಾಗೆ ಹೋದಾಗ ಕೊಂಡವರು ತೆತ್ತದ್ದು 120 ಕೋಟಿ ಅಮೆರಿಕನ್ ಡಾಲರ್.