ಮಾಹಿತಿ ಸೋರಿದರೆ ದಂಡದ ದುಡ್ಡು ಯಾರಿಗೆ?

1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ರಾಬರ್ಟ್ ಬೋರ್ಕ್ ಎಂಬ ನ್ಯಾಯಾಧೀಶರ ಹೆಸರನ್ನು ಸೂಚಿಸಿದ್ದರು. ಆಗ ವಾಷಿಂಗ್ಟನ್ನಿನ ವಾರಪತ್ರಿಕೆಯ ವರದಿಗಾರನೊಬ್ಬ ಬೋರ್ಕ್ ಮನೆಯವರು ಹೋಗುತ್ತಿದ್ದ ವಿಡಿಯೊ ಅಂಗಡಿಗೆ ಹೋದ. ಅವರು ಬಾಡಿಗೆಗೆ ತಂದ ಕ್ಯಾಸೆಟ್‌ಗಳ ಪಟ್ಟಿ ಕೇಳಿದ. ಅಂಗಡಿಯವರು ಕೊಟ್ಟೇಬಿಟ್ಟರು! 146 ಸಿನಿಮಾ. ಮುಜುಗರ ಪಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೂ ಕೇಳಿದವರಿಗೆಲ್ಲ ಇದನ್ನು ಕೊಡಬಹುದಾ ಎಂಬ ಗದ್ದಲವೆದ್ದು, ಮರುವರ್ಷವೇ ಕಾನೂನು ಬಂತು. ಅದನ್ನು ಮುರಿದರೆ ಗ್ರಾಹಕರಿಗೆ ಕನಿಷ್ಠ 2,500 ಡಾಲರ್ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ.

ಅಮೆರಿಕದ ರೀತಿಯೇ ಇದು. ಗಾಯ ಆದ ಕಡೆ ಮಾತ್ರ ಪಟ್ಟಿ ಕಟ್ಟುವುದು. ಖಾಸಗಿ ಮಾಹಿತಿ ರಕ್ಷಣೆಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಸಮಗ್ರ ಕಾಯ್ದೆ ಅಲ್ಲಿಲ್ಲ. ಆಸ್ಪತ್ರೆ, ವಿಮೆಯ ದಾಖಲೆಗಳಿಗೆ 1996ರ ಹಿಪಾ ಕಾಯ್ದೆ ಇದೆ. ನಿಮ್ಮ ಎದೆಬಡಿತ ಲೆಕ್ಕ ಹಾಕುವ ಫಿಟ್‌ನೆಸ್ ಆ್ಯಪ್‌ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಇನ್ನೂ ವಿಚಿತ್ರ ಅಂದರೆ, ದಾಖಲೆ ಸೋರಿದ ರೋಗಿ ಹಿಪಾ ಅಡಿಯಲ್ಲಿ ತಾನೇ ಕೋರ್ಟಿಗೆ ಹೋಗುವಂತಿಲ್ಲ. ಸಿನಿಮಾ ಪಟ್ಟಿಗೆ ಇರುವ ಹಕ್ಕು ಕಾಯಿಲೆಯ ಫೈಲಿಗಿಲ್ಲ.

ಯುರೋಪ್ ಹಕ್ಕಿನಿಂದಲೇ ಶುರು ಮಾಡುತ್ತದೆ. ಜರ್ಮನಿಯ ಹೆಸ್ಸೆ ರಾಜ್ಯ 1970ರಲ್ಲೇ ಡೇಟಾ ರಕ್ಷಣೆಗೆ ಕಾನೂನು ಮಾಡಿತ್ತು. 2018ರಲ್ಲಿ ಜಾರಿಯಾದ ಜಿಡಿಪಿಆರ್ ಎಂಬ ಯುರೋಪ್ ಒಕ್ಕೂಟದ ಡೇಟಾ ರಕ್ಷಣಾ ನಿಯಮ ಆಸ್ಪತ್ರೆ, ಅಂಗಡಿ, ಆ್ಯಪ್ ಎಲ್ಲವನ್ನೂ ಒಂದೇ ಕಾನೂನಿನಡಿ ತಂದಿತು. ಅದರಡಿ 2023ರಲ್ಲಿ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿಗೆ 120 ಕೋಟಿ ಯೂರೊ ದಂಡ ಬಿತ್ತು. ಸುದ್ದಿಯಾಗುವುದು ಇಂಥ ದಂಡವೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಜಿಡಿಪಿಆರ್‌ನ 82ನೇ ವಿಧಿ. ಹಾನಿಯಾದ ವ್ಯಕ್ತಿ ನೇರವಾಗಿ ಪರಿಹಾರ ಕೇಳಬಹುದು. ಹಣದ ನಷ್ಟಕ್ಕಷ್ಟೇ ಅಲ್ಲ, ಮನಸ್ಸಿಗಾದ ನೋವಿಗೂ.

ನಮ್ಮಲ್ಲಿ ಖಾಸಗಿತನದ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಆಧಾರ್ ಪ್ರಶ್ನಿಸಿ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು.

ಕಾಯ್ದೆಯಲ್ಲಿ ಒಳ್ಳೆಯದು ಇಲ್ಲ ಅಂತಲ್ಲ. ಡೇಟಾ ಸೋರಿದರೆ ಕಂಪನಿ ನಿಮಗೆ ತಿಳಿಸಲೇಬೇಕು. ಸರಿಯಾದ ಭದ್ರತೆ ಇಟ್ಟಿರದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಆ ದುಡ್ಡು ಹೋಗುವುದು ಕೇಂದ್ರ ಸರ್ಕಾರದ ಸಂಚಿತ ನಿಧಿಗೆ. ಯಾರ ಪ್ಯಾನ್ ನಂಬರ್, ಯಾರ ರಕ್ತಪರೀಕ್ಷೆಯ ವರದಿ ಹೊರಬಿತ್ತೋ ಅವರಿಗೆ ಒಂದು ಪೈಸೆಯೂ ಇಲ್ಲ. ಹಳೆಯ ಐಟಿ ಕಾಯ್ದೆಯ 43ಎ ಸೆಕ್ಷನ್‌ನಲ್ಲಿ ಪರಿಹಾರ ಕೇಳುವ ಒಂದು ದಾರಿ ಇತ್ತು. ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ಮಾತ್ರ ದೂರು ಕೊಟ್ಟವರಿಗೇ 10,000 ರೂಪಾಯಿವರೆಗೆ ದಂಡ. ಹೀಗಿರುವಾಗ ಸಾಮಾನ್ಯ ಜನ ದೂರು ಕೊಡಲು ಹಿಂಜರಿಯುವುದಿಲ್ವಾ? ಕಾಯ್ದೆಗೆ ತಿದ್ದುಪಡಿ ತರುವುದಾದರೆ ಮೊದಲು ಆಗಬೇಕಾದ್ದು ಇಲ್ಲೇ.